ಸುಟ್ಟರೆ ಹೋಯಿತೇ?



ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಬೆಳಿಗ್ಗೆ ಆರೂವರೆಗೆ ನಡೆದು ಹೋದರೆ ಮೂರು ವಾಸನೆಗಳು ಒಂದರ ಹಿಂದೆ ಒಂದು ಮೂಗಿಗೆ ಬರುತ್ತವೆ. ಮೊದಲನೆಯದು ದೋಸೆ ಕಾವಲಿಯ ಮೇಲೆ ಕರಗುವ ಬೆಣ್ಣೆಯದು. ಎರಡನೆಯದು ಯಾರದೋ ಮನೆಯ ಹಿತ್ತಲಲ್ಲಿ ಹಂಡೆಯ ಕೆಳಗೆ ಉರಿಯುವ ಸೌದೆಯದು. ಮೂರನೆಯದು ಬರುವ ಹೊತ್ತಿಗೆ ನಾನು ಸೆರಗನ್ನು ಮೂಗಿಗೆ ಹಿಡಿದಿರುತ್ತೇನೆ. ರಸ್ತೆಯ ತಿರುವಿನಲ್ಲಿ ಗುಡಿಸಿ ಕೂಡಿಟ್ಟ ಒಣ ಎಲೆ, ಹಾಲಿನ ಕವರು, ಹಳೆಯ ಚಪ್ಪಲಿ, ತುಂಡು ವೈರು, ಎಲ್ಲಕ್ಕೂ ಸೇರಿ ಒಂದೇ ಬೆಂಕಿಕಡ್ಡಿ. ಒಂದು ದಿನ ತಡೆಯಲಾರದೆ ಕೇಳಿಯೂ ಬಿಟ್ಟೆ, "ಇದನ್ನ ಯಾಕೆ ಸುಡ್ತೀರಿ?" ಎಂದು. "ಸುಟ್ರೆ ಹೋಯ್ತಲ್ರೀ ಟೀಚರ್, ಇಲ್ದಿದ್ರೆ ಇಲ್ಲೇ ಬಿದ್ದಿರ್ತದೆ" ಎಂಬ ಉತ್ತರ ಬಂತು.

ಸುಟ್ಟರೆ ಹೋಯಿತು! ಈ ಮಾತನ್ನು ನಾವೆಲ್ಲರೂ ಆಡುತ್ತೇವೆ. ಮುರಿದ ಬಕೆಟ್ಟು, ಹರಿದ ಪುಸ್ತಕ, ಹಬ್ಬದ ಮರುದಿನದ ಕಸ, ಎಲ್ಲಕ್ಕೂ ಇದೇ ಮಾತು. ನಾನು ಇದನ್ನು ಒಪ್ಪುವುದಿಲ್ಲ. ಸುಟ್ಟದ್ದು ಇಲ್ಲವಾಗುವುದಿಲ್ಲ, ಬೇರೆ ರೂಪದಲ್ಲಿ ಬೇರೆ ಕಡೆಗೆ ಹೋಗುತ್ತದೆ. ಆದ್ದರಿಂದ ಎರಡು ಪ್ರಶ್ನೆ ಕೇಳಬೇಕು. ಎಷ್ಟು ಹೋಯಿತು? ಹೋದದ್ದು ಯಾವುದು? ಒಂದನ್ನೇ ಕೇಳಿ ಸುಮ್ಮನಾದರೆ ಮೋಸ ಹೋಗುತ್ತೇವೆ. ಈ ಎರಡೂ ಪ್ರಶ್ನೆಗಳನ್ನು ಒಂದೇ ವಸ್ತುವಿಗೆ ಒಂದೇ ಕ್ಷಣದಲ್ಲಿ ಕೇಳುವ ಯಂತ್ರಗಳ ಜೋಡಿಯೊಂದು ದೊಡ್ಡ ಪ್ರಯೋಗಾಲಯಗಳಲ್ಲಿದೆ. ಅದರ ಬೆಲೆ ನೋಡಿದರೆ ಅದು ನಮ್ಮ ಶಾಲೆಗೆ ಬರುವಂಥದ್ದಲ್ಲ. ಆದರೆ ಪ್ರಶ್ನೆಗಳಿಗೆ ಬೆಲೆಯಿಲ್ಲವಲ್ಲ, ಅವು ಬರಬಹುದು.

ಮೊದಲು 'ಎಷ್ಟು' ಎಂಬ ಪ್ರಶ್ನೆ.

ಹರಿಹರ ತಾಲ್ಲೂಕಿನ ಒಂದು ಶಾಲೆಯಲ್ಲಿ ಏಳನೇ ತರಗತಿಯ ಮಕ್ಕಳ ಮುಂದೆ ತಕ್ಕಡಿ ಇಟ್ಟು 5 ಗ್ರಾಂ ಕಾಗದ ಸುಟ್ಟೆ. ಉಳಿದ ಬೂದಿ ಒಂದು ಗ್ರಾಂ ಕೂಡ ತೂಗಲಿಲ್ಲ. "ನೋಡಿ, ಸುಟ್ಟರೆ ತೂಕ ಕಡಿಮೆ ಆಗುತ್ತೆ" ಎಂದು ಮಕ್ಕಳು ಒಟ್ಟಿಗೆ ಕೂಗಿದರು. ಆಮೇಲೆ ಬಡಗಿಗಳು ಮರವನ್ನು ನಯಮಾಡಲು ಬಳಸುವ ಉಕ್ಕಿನ ಸಣ್ಣ ನಾರನ್ನು ತೂಗಿ, ಬಿಡಿಸಿ, ಕಿಡಿ ತಾಗಿಸಿದೆ. (ಪಾತ್ರೆ ತಿಕ್ಕುವ ಹೊಳೆಯುವ ಸ್ಟೀಲ್ ನಾರು ಇದಕ್ಕೆ ಆಗದು. ಅದು ಸುಲಭವಾಗಿ ಉರಿಯುವುದಿಲ್ಲ.) ನಾರು ಕೆಂಪಗೆ ಮಿನುಗುತ್ತ ಉರಿದು ಕಪ್ಪಾಯಿತು. ತೂಗಿದರೆ ತೂಕ ಹೆಚ್ಚಾಗಿತ್ತು! ತರಗತಿ ಒಮ್ಮೆಲೇ ನಿಶ್ಶಬ್ದ. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮಿಸ್, ಅದು ಏನನ್ನೋ ತಿಂದಿದೆ" ಎಂದಳು. ಅಷ್ಟು ಸರಿಯಾದ ಉತ್ತರವನ್ನು ನಾನು ಬಹಳ ದಿನಗಳಿಂದ ಕೇಳಿರಲಿಲ್ಲ. ಹೌದು, ಕಬ್ಬಿಣ ಗಾಳಿಯಲ್ಲಿನ ಆಮ್ಲಜನಕವನ್ನು 'ತಿಂದಿತ್ತು'. ಕಾಗದವೂ ಆಮ್ಲಜನಕವನ್ನು ತಿಂದಿತ್ತು. ಆದರೆ ತಿಂದು ಹುಟ್ಟಿದ್ದೆಲ್ಲ ಅನಿಲವಾಗಿ ಹಾರಿಹೋದ ಕಾರಣ ತಕ್ಕಡಿಗೆ ಸಿಗಲಿಲ್ಲ. ಉರಿಯುವಿಕೆಯಲ್ಲಿ ಗಾಳಿಯ ಪಾಲನ್ನೂ ತೂಗಿ ಲೆಕ್ಕ ಇಡಬೇಕೆಂದು 18ನೇ ಶತಮಾನದಲ್ಲಿ ಫ್ರಾನ್ಸಿನ ಲವಾಸಿಯೆ ತೋರಿಸಿಕೊಟ್ಟರು.

ಸುಟ್ಟ ಮೇಲೆ ತೂಗುವುದಕ್ಕಿಂತ, ಕಾಯಿಸುತ್ತಿರುವಾಗಲೇ ತೂಗುತ್ತ ಹೋದರೆ ಇನ್ನೂ ಹೆಚ್ಚು ತಿಳಿಯುತ್ತದೆ. 1915ರಲ್ಲಿ ಜಪಾನಿನ ಕೊಟಾರೊ ಹೋಂಡಾ ಎಂಬ ವಿಜ್ಞಾನಿ ತಕ್ಕಡಿಯ ಒಂದು ತೋಳನ್ನು ಕುಲುಮೆಯೊಳಗೆ ಇಳಿಬಿಟ್ಟು ಇಂಥ ಸಾಧನ ಮಾಡಿದರು. ಇದನ್ನು ಉಷ್ಣ ತಕ್ಕಡಿ ಎನ್ನೋಣ. ಈಗಿನ ಉಷ್ಣ ತಕ್ಕಡಿಗೆ ಹತ್ತು ಮಿಲಿಗ್ರಾಂ ವಸ್ತು, ಅಂದರೆ ಅರ್ಧ ಅಕ್ಕಿಕಾಳಿನಷ್ಟು ಸಾಕು. ನಿಮಿಷಕ್ಕೆ 10 ಡಿಗ್ರಿಯಂತೆ ಕಾವು ಏರುತ್ತದೆ. ತೂಕ ಕಡಿಮೆಯಾದಂತೆಲ್ಲ ಒಂದು ಗೆರೆ ಮೆಟ್ಟಿಲಿನ ಹಾಗೆ ಇಳಿಯುತ್ತ ಹೋಗುತ್ತದೆ. ಯಾವ ಕಾವಿನಲ್ಲಿ ಎಷ್ಟು ಹೋಯಿತು ಎನ್ನುವುದು ಆ ಮೆಟ್ಟಿಲುಗಳಲ್ಲಿ ಬರೆದಿರುತ್ತದೆ. ಹೀಗೆ ಕಾಯಿಸುತ್ತ ವಸ್ತುವಿನ ಗುಣವನ್ನು ಅಳೆಯುವ ವಿಧಾನಗಳಿಗೆಲ್ಲ ಉಷ್ಣ ವಿಶ್ಲೇಷಣೆ ಎಂದು ಹೆಸರು.

ಒಳ್ಳೆಯ ಸಾಧನ. ಆದರೆ ಅದನ್ನೊಂದನ್ನೇ ನಂಬಿ ನಾನು ಒಮ್ಮೆ ಪೆಚ್ಚಾಗಿದ್ದೇನೆ.

ಎಂ.ಎಸ್ಸಿ. ಓದುವಾಗ ಒಂದು ನೀಲಿ ಹರಳಿನ ಪುಡಿಯನ್ನು ಕಾಯಿಸಿ ಗೆರೆ ತೆಗೆದಿದ್ದೆ. ಒಂದು ಕಡೆ ಗೆರೆ ಚೆನ್ನಾಗಿ ಇಳಿದಿತ್ತು. ಹರಳುಗಳಲ್ಲಿ ನೀರು ಇರುವುದು ಸಾಮಾನ್ಯ, ನೀರಿನ ಅಣುವಿನ ರಾಶಿ 18, ಲೆಕ್ಕ ಹೆಚ್ಚುಕಡಿಮೆ ಸರಿಹೋಯಿತು. 'ಇಲ್ಲಿ ನೀರು ಹೋಗಿದೆ' ಎಂದು ಅಂದವಾಗಿ ಬರೆದುಕೊಟ್ಟೆ. ನಮ್ಮ ಗುರುಗಳು ಅದನ್ನು ಓದಿ, "ನೀರು ಹೋದದ್ದನ್ನು ನೀನು ನೋಡಿದೆಯಾ?" ಎಂದು ಕೇಳಿದರು. ನೋಡಿರಲಿಲ್ಲ. ಅವರು ಅದೇ ಪುಡಿಯನ್ನು ಪ್ರನಾಳಕ್ಕೆ ಹಾಕಿ ಕಾಯಿಸಿ, ಬಾಯಿಯ ಬಳಿ ಒದ್ದೆ ಮಾಡಿದ ಕೆಂಪು ಲಿಟ್ಮಸ್ ಕಾಗದ ಹಿಡಿದರು. ಕಾಗದ ನೀಲಿಯಾಯಿತು. ಹೋದದ್ದು ನೀರಲ್ಲ, ಅಮೋನಿಯ. ಅದರ ಅಣುವಿನ ರಾಶಿ 17. ಹದಿನೇಳಕ್ಕೂ ಹದಿನೆಂಟಕ್ಕೂ ಇರುವ ಅಂತರದಲ್ಲಿ ನನ್ನ ಜಾಣತನವೆಲ್ಲ ಜಾರಿಹೋಯಿತು. ಒಂದು ಪೈಸೆಯ ಲಿಟ್ಮಸ್ ಕಾಗದ ಹೇಳಿದ್ದನ್ನು ಲಕ್ಷಾಂತರ ರೂಪಾಯಿಯ ತಕ್ಕಡಿ ಹೇಳಿರಲಿಲ್ಲ. ತಕ್ಕಡಿಯದೇನೂ ತಪ್ಪಿಲ್ಲ. 'ಯಾವುದು' ಎಂದು ನಾನು ಅದನ್ನು ಕೇಳಬಾರದಿತ್ತು, ಅಷ್ಟೆ.

'ಯಾವುದು' ಎಂಬ ಪ್ರಶ್ನೆಗೆ ಉತ್ತರ ಹೇಳುವ ಸಾಧನಗಳಲ್ಲಿ ಮುಖ್ಯವಾದದ್ದು ರಾಶಿ ರೋಹಿತಮಾಪಕ. ಇಂಗ್ಲೆಂಡಿನ ಆಸ್ಟನ್ 1919ರಲ್ಲಿ ಇಂಥದೊಂದನ್ನು ಕಟ್ಟಿ, ಅದರ ಕೆಲಸಕ್ಕಾಗಿ 1922ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಇದು ಹೇಗೆ ಕೆಲಸ ಮಾಡುತ್ತದೆ? ಕಣದಲ್ಲಿ ಭತ್ತ ತೂರುವುದನ್ನು ನೀವು ನೋಡಿರಬಹುದು. ಮೊರದಿಂದ ಮೇಲಿನಿಂದ ಬಿಟ್ಟರೆ ಗಟ್ಟಿ ಕಾಳು ಹತ್ತಿರ ಬೀಳುತ್ತದೆ, ಜೊಳ್ಳು ದೂರ ಹಾರುತ್ತದೆ. ಗಾಳಿ ಎರಡನ್ನೂ ಅವುಗಳ ತೂಕ ನೋಡಿ ಬೇರೆ ಮಾಡುತ್ತದೆ. ರಾಶಿ ರೋಹಿತಮಾಪಕದಲ್ಲಿ ಅನಿಲದ ಅಣುಗಳಿಗೆ ಮೊದಲು ಎಲೆಕ್ಟ್ರಾನುಗಳಿಂದ ಹೊಡೆದು ವಿದ್ಯುದಂಶ ಕೊಡುತ್ತಾರೆ. ಆಮೇಲೆ ವಿದ್ಯುತ್ತಿನ ಅಥವಾ ಅಯಸ್ಕಾಂತದ ಬಲವೇ ಗಾಳಿಯಂತೆ ಅವುಗಳನ್ನು ತೂರುತ್ತದೆ. ಹಗುರದ್ದು ಒಂದು ಕಡೆ, ಭಾರದ್ದು ಇನ್ನೊಂದು ಕಡೆ. ಯಾವ ರಾಶಿಯ ಅಣುಗಳು ಎಷ್ಟು ಬಂದವು ಎಂದು ಯಂತ್ರ ಎಣಿಸುತ್ತದೆ. 18 ಬಂದರೆ ನೀರು, 44 ಬಂದರೆ ಇಂಗಾಲದ ಡೈಆಕ್ಸೈಡ್ ಇರಬಹುದು.

1960ರ ದಶಕದಲ್ಲಿ ವಿಜ್ಞಾನಿಗಳು ಈ ಎರಡನ್ನೂ ಒಂದು ಸಪೂರ ಕೊಳವೆಯಿಂದ ಜೋಡಿಸತೊಡಗಿದರು. ಒಂದು ತುದಿಯಲ್ಲಿ ಉಷ್ಣ ತಕ್ಕಡಿ, ಇನ್ನೊಂದು ತುದಿಯಲ್ಲಿ ರೋಹಿತಮಾಪಕ. ಕೊಳವೆಯನ್ನೂ ಬಿಸಿಯಾಗಿಯೇ ಇಡಬೇಕು. ಏಕೆ ಗೊತ್ತೆ? ಅನ್ನದ ಪಾತ್ರೆಯ ಮುಚ್ಚಳ ತೆಗೆದು ನೋಡಿ. ಆವಿ ತಣ್ಣನೆಯ ಮುಚ್ಚಳಕ್ಕೆ ತಾಗಿ ಹನಿಯಾಗಿ ಕೂತಿರುತ್ತದೆ. ಕೊಳವೆ ತಣ್ಣಗಿದ್ದರೆ ಅಲ್ಲಿಯೂ ಹಾಗೆಯೇ ಆಗಿ, ದಾರಿಯಲ್ಲೇ ಸಾಕ್ಷಿ ಕಳೆದುಹೋಗುತ್ತದೆ.

ಈ ಜೋಡಿ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಬಳಸುವ ಒಂದು ವಸ್ತು ನಿಮಗೆ ಗೊತ್ತಿಲ್ಲದೆಯೇ ಗೊತ್ತು. ಕೆಸುವಿನ ಎಲೆಯನ್ನೋ ಗಡ್ಡೆಯನ್ನೋ ಹುಳಿ ಹಾಕದೆ, ಸರಿಯಾಗಿ ಬೇಯಿಸದೆ ತಿಂದು ಗಂಟಲು ತುರಿಸಿಕೊಂಡಿದ್ದೀರಾ? ಅದರೊಳಗೆ ಸೂಜಿಯಂಥ ಸಣ್ಣ ಹರಳುಗಳಿರುತ್ತವೆ. ಆ ಹರಳು ಕ್ಯಾಲ್ಸಿಯಂ ಆಕ್ಸಲೇಟ್. ಮೂತ್ರಪಿಂಡದ ಕಲ್ಲುಗಳಲ್ಲಿಯೂ ಹೆಚ್ಚಿನವು ಇದೇ. ನೀರಿನಂಶವಿರುವ ಕ್ಯಾಲ್ಸಿಯಂ ಆಕ್ಸಲೇಟನ್ನು 100 ಮಿಲಿಗ್ರಾಂ ತೆಗೆದುಕೊಂಡು ಕಾಯಿಸಿದರೆ ತೂಕ ಮೂರು ಮೆಟ್ಟಿಲು ಇಳಿಯುತ್ತದೆ. ಮೊದಲ ಮೆಟ್ಟಿಲಿನಲ್ಲಿ 12.3 ಮಿಲಿಗ್ರಾಂ ನೀರು ಹೋಗುತ್ತದೆ. 400 ಡಿಗ್ರಿ ದಾಟಿದ ಮೇಲೆ ಎರಡನೆಯ ಮೆಟ್ಟಿಲು, 19.2 ಮಿಲಿಗ್ರಾಂ ಇಂಗಾಲದ ಮಾನಾಕ್ಸೈಡ್. ಆಗ ಉಳಿಯುವುದು ಸುಣ್ಣಕಲ್ಲಿನಲ್ಲಿರುವ ವಸ್ತುವೇ. 600 ಡಿಗ್ರಿ ದಾಟಿದ ಮೇಲೆ ಮೂರನೆಯ ಮೆಟ್ಟಿಲು, 30.1 ಮಿಲಿಗ್ರಾಂ ಇಂಗಾಲದ ಡೈಆಕ್ಸೈಡ್. ಕೊನೆಗೆ 38.4 ಮಿಲಿಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ. ನಾಲ್ಕನ್ನೂ ಕೂಡಿ ನೋಡಿ, ನೂರಾಗುತ್ತದೆಯೇ?

ಈಗ ಗಮನವಿಟ್ಟು ಓದಿ, ನನ್ನ ವಾದದ ತಿರುಳು ಇಲ್ಲಿದೆ. ಮೇಲೆ ಹೇಳಿದ್ದು ಆಮ್ಲಜನಕವಿಲ್ಲದ ಕುಲುಮೆಯ ಕಥೆ. ಕುಲುಮೆಯೊಳಗೆ ಸಾಮಾನ್ಯ ಗಾಳಿ ಬಿಟ್ಟರೆ ಎರಡನೆಯ ಮೆಟ್ಟಿಲಿನಲ್ಲಿ ಹೊರಬಂದ ಮಾನಾಕ್ಸೈಡ್ ಅಲ್ಲಿಯೇ ಉರಿದು ಡೈಆಕ್ಸೈಡ್ ಆಗುತ್ತದೆ. ಆದರೆ ತಟ್ಟೆಯಲ್ಲಿದ್ದ ಪುಡಿ ಕಳೆದುಕೊಂಡದ್ದು ಆಗಲೂ ಅದೇ 19.2 ಮಿಲಿಗ್ರಾಂ. ತಕ್ಕಡಿಗೆ ಎರಡೂ ಒಂದೇ! ನಮಗೆ ಒಂದೇನು? ಡೈಆಕ್ಸೈಡ್ ನಾವು ಪ್ರತಿ ಉಸಿರಿನಲ್ಲಿ ಹೊರಬಿಡುವ ಅನಿಲ. ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಹಿಡಿದು ಕೊಲ್ಲುವ ಅನಿಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಚಳಿಗೆಂದು ಕೆಂಡದ ಒಲೆಯನ್ನು ಕೋಣೆಯೊಳಗಿಟ್ಟು ಬಾಗಿಲು ಕಿಟಕಿ ಮುಚ್ಚಿ ಮಲಗಿದವರು ಬೆಳಿಗ್ಗೆ ಏಳದೇ ಹೋದ ಸುದ್ದಿಯನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಅದು ಇದರ ಕೆಲಸ. ಗಾಳಿ ಸಾಕಷ್ಟಿಲ್ಲದ ಬೆಂಕಿ ಡೈಆಕ್ಸೈಡಿನ ಜೊತೆಗೆ ಮಾನಾಕ್ಸೈಡನ್ನೂ ಕೊಡುತ್ತದೆ. ಒಲೆಯಲ್ಲಿ ಉಳಿದ ಬೂದಿಯನ್ನು ನೋಡಿ ಇದು ತಿಳಿಯುವುದಿಲ್ಲ. ತೂಕದಿಂದಲೂ ತಿಳಿಯುವುದಿಲ್ಲ, ಮೂಗಿನಿಂದಲೂ ತಿಳಿಯುವುದಿಲ್ಲ.

ಹಾಗಾದರೆ ರೋಹಿತಮಾಪಕ ಇದ್ದರೆ ಮುಗಿಯಿತೇ? ಇಲ್ಲ, ಅದೂ ಎಡವುತ್ತದೆ. ನೀವೇ ಕೂಡಿಸಿ. ಇಂಗಾಲ 12, ಜಲಜನಕ 1, ಸಾರಜನಕ 14, ಆಮ್ಲಜನಕ 16. ಇಂಗಾಲದ ಮಾನಾಕ್ಸೈಡ್ ಎಂದರೆ ಒಂದು ಇಂಗಾಲ, ಒಂದು ಆಮ್ಲಜನಕ: 28. ಗಾಳಿಯ ಮುಕ್ಕಾಲಿಗಿಂತ ಹೆಚ್ಚು ಪಾಲಾದ ಸಾರಜನಕದ ಅಣುವಿನಲ್ಲಿ ಎರಡು ಪರಮಾಣು: ಅದೂ 28. ಹಣ್ಣು ಮಾಗಿಸುವ ಎಥಿಲೀನ್ ಅನಿಲದಲ್ಲಿ ಎರಡು ಇಂಗಾಲ, ನಾಲ್ಕು ಜಲಜನಕ: ಅದೂ 28! ಒಬ್ಬ ಕೊಲೆಗಾರ, ಒಬ್ಬ ನಿರುಪದ್ರವಿ, ಒಬ್ಬ ಮಾವಿನಕಾಯಿಯ ಗೆಳೆಯ, ಮೂವರೂ ಒಂದೇ ತೂಕದವರು. ಅದಕ್ಕೇ ಇಂಥ ಪ್ರಯೋಗಗಳಲ್ಲಿ ಕುಲುಮೆಗೆ ಸಾರಜನಕದ ಬದಲು ಆರ್ಗಾನ್ ಅಥವಾ ಹೀಲಿಯಂ ಬಿಡುವುದುಂಟು. ಇನ್ನೂ ಅನುಮಾನವಿದ್ದರೆ ಮತ್ತೊಬ್ಬ ಸಾಕ್ಷಿಯನ್ನು ಕರೆಯುತ್ತಾರೆ. ಅದು ಅವಕೆಂಪು ರೋಹಿತಮಾಪಕ. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಅನಿಲದ ಮೂಲಕ ಹಾಯಿಸಿದರೆ ಪ್ರತಿ ಬಗೆಯ ಅಣುವೂ ತನಗೆ ಒಪ್ಪುವ ಕಿರಣವನ್ನು ಮಾತ್ರ ಹೀರಿ ನಡುಗುತ್ತದೆ. ಮಾನಾಕ್ಸೈಡ್ ಹೀರುತ್ತದೆ, ಸಾರಜನಕ ಹೀರುವುದೇ ಇಲ್ಲ. ತೂಕದಲ್ಲಿ ಅವಳಿಗಳಂತಿದ್ದವರು ಇಲ್ಲಿ ಬೇರೆಯಾಗಿಬಿಡುತ್ತಾರೆ.

ಇದೆಲ್ಲ ಬರೀ ಹೊಗೆ ಹಿಡಿಯುವ ಪೊಲೀಸ್ ಕೆಲಸವೆಂದು ತಿಳಿಯಬೇಡಿ. ಹೊಸ ವಸ್ತುಗಳನ್ನು ಮಾಡುವುದಕ್ಕೂ ಇದು ಬೇಕು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಿಂಗ್ಸ್ಲಿ ಮತ್ತು ಪ್ರೊಫೆಸರ್ ಕೆ.ಸಿ. ಪಾಟೀಲರು 1988ರಲ್ಲಿ ಪ್ರಕಟಿಸಿದ ಒಂದು ವಿಧಾನ ಜಗತ್ತಿನಾದ್ಯಂತ ಹೆಸರಾಗಿದೆ. ಅಲ್ಯೂಮಿನಿಯಂ ನೈಟ್ರೇಟಿಗೆ ಯೂರಿಯ ಬೆರೆಸಿ (ಹೌದು, ನಿಮ್ಮ ಹೊಲಕ್ಕೆ ಹಾಕುವ ಅದೇ ಯೂರಿಯ) ನೀರಿನಲ್ಲಿ ಕರಗಿಸಿ 500 ಡಿಗ್ರಿಯ ಕುಲುಮೆಯಲ್ಲಿಟ್ಟರೆ, ಅದು ಕುದಿದು, ನೊರೆಯುಬ್ಬಿ, ತನಗೆ ತಾನೇ ಹೊತ್ತಿಕೊಂಡು ಐದೇ ನಿಮಿಷದಲ್ಲಿ ಬಿಳಿಯ ಅಲ್ಯೂಮಿನ ಆಗುತ್ತದೆ. ಬೈಕಿನ ಸ್ಪಾರ್ಕ್ ಪ್ಲಗ್ಗಿನ ಬಿಳಿ ಭಾಗ ಇದೇ ವಸ್ತುವಿನದು. ಎಲ್ಲ ಸರಿಯಾದರೆ ಹೊರಹೋಗುವುದು ಸಾರಜನಕ, ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಮಾತ್ರ. ಯೂರಿಯದ ಅಳತೆ ತಪ್ಪಿದರೆ ಸಾರಜನಕದ ವಿಷ ಆಕ್ಸೈಡುಗಳೂ ಬರಬಹುದು. ಅಂದರೆ ಪಾತ್ರೆಯಲ್ಲಿ ಉಳಿದ ಪುಡಿ ಒಳ್ಳೆಯದೇ ಎಂದು ತಿಳಿಯಲು, ಪಾತ್ರೆ ಬಿಟ್ಟು ಹೋದದ್ದನ್ನೂ ವಿಚಾರಿಸಬೇಕಾಗುತ್ತದೆ.

ಇದೇ ವಿಚಾರಣೆ ಮಂಗಳ ಗ್ರಹದಲ್ಲಿಯೂ ನಡೆದಿದೆ. 2008ರ ಮೇ 25ರಂದು ಅಲ್ಲಿ ಇಳಿದ ಅಮೆರಿಕದ ಫೀನಿಕ್ಸ್ ನೌಕೆಯಲ್ಲಿ ಎಂಟು ಪುಟ್ಟ ಒಲೆಗಳಿದ್ದವು. ಒಂದೊಂದೂ ಪೆನ್ನಿನ ರೀಫಿಲ್ಲಿನಷ್ಟು ಸಪೂರ. ಆ ಒಲೆಗಳಿಗೆ ತಕ್ಕಡಿ ಇರಲಿಲ್ಲ. ಬದಲಿಗೆ ಮಣ್ಣು ಎಷ್ಟು ಶಾಖ ಹೀರಿತು ಎಂದು ಅಳೆಯುತ್ತಿದ್ದರು. ಅದೂ ಉಷ್ಣ ವಿಶ್ಲೇಷಣೆಯೇ. ಹೊರಬಂದ ಅನಿಲ ನೇರವಾಗಿ ರಾಶಿ ರೋಹಿತಮಾಪಕಕ್ಕೆ. ಮೊದಲ ಹಿಡಿ ಮಣ್ಣು ಅಂಟಂಟಾಗಿ ಜರಡಿಯ ಮೇಲೆಯೇ ಕೂತುಬಿಟ್ಟಿತು. ಕೋಟಿಗಟ್ಟಲೆ ರೂಪಾಯಿಯ ಯಂತ್ರವನ್ನು ನಮ್ಮಜ್ಜಿ ಹಿಟ್ಟಿನ ಜರಡಿ ಕುಟ್ಟಿದಂತೆ ದಿನಗಟ್ಟಲೆ ಅಲುಗಾಡಿಸಿ ಅದನ್ನು ಕೆಳಗಿಳಿಸಿದರು! ಜುಲೈ ಕೊನೆಗೆ ಇನ್ನೊಂದು ಮಣ್ಣಿನಿಂದ ನೀರಾವಿ ಬಂದದ್ದು ಖಚಿತವಾಯಿತು. ಅದು ಮಂಜುಗಡ್ಡೆಯ ನೀರು. ಮತ್ತೊಂದು ಮಣ್ಣು 700 ಡಿಗ್ರಿ ದಾಟಿದ ಮೇಲೆ ಡೈಆಕ್ಸೈಡ್ ಬಿಟ್ಟಿತು. ನಮ್ಮ ಕೆಸುವಿನ ಹರಳಿನ ಮೂರನೆಯ ಮೆಟ್ಟಿಲು ನೆನಪಿದೆಯೇ? ಮಂಗಳದ ಮಣ್ಣಿನಲ್ಲೂ ಸುಣ್ಣಕಲ್ಲಿನ ಅಂಶ ಇದೆ ಎಂದು ವಿಜ್ಞಾನಿಗಳು ಗುರುತಿಸಿದ್ದು ಹೀಗೆ.

ಈಗ ಮಂಗಳದಿಂದ ದಾವಣಗೆರೆಗೆ ಮರಳೋಣ. ಇಲ್ಲಿ ಹೊಗೆಯ ಬಗ್ಗೆ ಜಗಳವಿದೆ. ನಮ್ಮ ಊರು ಮಂಡಕ್ಕಿಗೆ ಹೆಸರುವಾಸಿ. ಮಂಡಕ್ಕಿ ಹುರಿಯುವ ಭಟ್ಟಿಗಳ ಹೊಗೆಯನ್ನು ಬೈಯುವವರು ಒಂದು ಕಡೆ, ಅದರಿಂದಲೇ ಊಟ ಮಾಡುವ ಕುಟುಂಬಗಳು ಇನ್ನೊಂದು ಕಡೆ. "ಹೊಗೆ ಎಂದರೆ ಹೊಗೆ, ಎಲ್ಲ ಕೆಟ್ಟದ್ದೇ" ಎನ್ನುವ ಮಾತು ನನಗೆ ಸರಿಯೆನಿಸುವುದಿಲ್ಲ. "ತಲತಲಾಂತರದಿಂದ ಇದೆ, ಏನೂ ಆಗಲ್ಲ" ಎನ್ನುವುದೂ ಸರಿಯಲ್ಲ. ಎರಡೂ ಕಡೆಯವರು 'ಯಾವುದು' ಎಂದು ಕೇಳುವುದನ್ನು ಬಿಟ್ಟಿದ್ದಾರೆ.

ಭತ್ತದ ಹೊಟ್ಟನ್ನೇ ತೆಗೆದುಕೊಳ್ಳಿ. ಭದ್ರಾ ನಾಲೆಯ ನೀರಿನಲ್ಲಿ ಬೆಳೆದ ಭತ್ತ ನಮ್ಮ ಗಿರಣಿಗಳಿಗೆ ಬರುತ್ತದೆ. 100 ಕಿಲೋ ಭತ್ತಕ್ಕೆ ಸುಮಾರು 20 ಕಿಲೋ ಹೊಟ್ಟು ಸಿಗುತ್ತದೆ. ಹೊಟ್ಟನ್ನು ಉಷ್ಣ ತಕ್ಕಡಿಗೆ ಹಾಕಿದರೆ ಮೊದಲು ಸ್ವಲ್ಪ ನೀರು ಹೋಗುತ್ತದೆ. 250 ಡಿಗ್ರಿಯ ಆಚೆ ಗೆರೆ ಧಡಾರನೆ ಇಳಿಯುತ್ತದೆ. ಅದು ಹೊಟ್ಟಿನ ನಾರು ಮುರಿದು ಅನಿಲವಾಗುವ ಹೊತ್ತು. ರೋಹಿತಮಾಪಕದಲ್ಲಿ 18, 28, 44 ಎದ್ದು ಕಾಣುತ್ತವೆ. ಉಳಿದ ಇದ್ದಿಲು ಗಾಳಿ ಸಿಕ್ಕರೆ ನಿಧಾನವಾಗಿ ಉರಿಯುತ್ತದೆ. ಕೊನೆಗೆ ಮೊದಲಿನ ತೂಕದ ಐದನೆಯ ಒಂದರಷ್ಟು ಬೂದಿ ಉಳಿಯುತ್ತದೆ. ಸೌದೆಗೆ ಹೋಲಿಸಿದರೆ ಇದು ಬಹಳ ಹೆಚ್ಚು. ಏಕೆಂದರೆ ಭತ್ತದ ಬೇರು ಮಣ್ಣಿನಿಂದ ಸಿಲಿಕಾ ಹೀರಿ ಹೊಟ್ಟಿನಲ್ಲಿ ತುಂಬಿಡುತ್ತದೆ. ಮರಳಿನಲ್ಲಿರುವುದೂ ಸಿಲಿಕಾವೇ. ಹದವಾಗಿ ಸುಟ್ಟ ಈ ಬೂದಿಯನ್ನು ಸಿಮೆಂಟಿನೊಂದಿಗೆ ಬೆರೆಸಿ ಬಳಸಬಹುದು. ಹೊಟ್ಟಿನ ಹೊಗೆಯೂ ಕಣ್ಣು ಉರಿಸುತ್ತದೆ, ಎದೆಗೆ ಒಳ್ಳೆಯದಲ್ಲ. ಆದರೆ ಸಾಕಷ್ಟು ಗಾಳಿ, ಎತ್ತರದ ಚಿಮಣಿ ಮತ್ತು ಸರಿಯಾದ ಒಲೆ ಕೊಟ್ಟು ಅದನ್ನು ಬಹುಪಾಲು ಪಳಗಿಸಬಹುದು.

ಅದೇ ಒಲೆಗೆ, ಭಟ್ಟಿಯಾಗಲಿ ಮನೆಯ ನೀರೊಲೆಯಾಗಲಿ, ಟೈರಿನ ತುಂಡು ಹಾಕಿದರೆ ಕಥೆಯೇ ಬೇರೆ. ರಬ್ಬರನ್ನು ಗಟ್ಟಿ ಮಾಡಲು ಬೆರೆಸಿದ ಗಂಧಕ ಉರಿದು 64 ರಾಶಿಯ ಗಂಧಕದ ಡೈಆಕ್ಸೈಡ್ ಆಗುತ್ತದೆ. ಉಸಿರು ಕಟ್ಟಿಸುವ ಅನಿಲ ಅದು. ವೈರಿನ ಹೊದಿಕೆ, ಪೈಪು, ರೆಕ್ಸಿನ್ ಮುಂತಾದವುಗಳಲ್ಲಿ ಪಿ.ವಿ.ಸಿ. ಇರುತ್ತದೆ. ಅದು ಸುಮಾರು 250 ಡಿಗ್ರಿಯಿಂದಲೇ ಹೈಡ್ರೋಜನ್ ಕ್ಲೋರೈಡ್ ಬಿಡತೊಡಗುತ್ತದೆ. 100 ಗ್ರಾಂ ಶುದ್ಧ ಪಿ.ವಿ.ಸಿ.ಯಿಂದ 58 ಗ್ರಾಂವರೆಗೆ! ಕಣ್ಣು, ಮೂಗು, ಗಂಟಲಿನ ತೇವಕ್ಕೆ ತಾಗಿದರೆ ಅದು ಹೈಡ್ರೋಕ್ಲೋರಿಕ್ ಆಮ್ಲ. ರೋಹಿತಮಾಪಕದಲ್ಲಿ ಇದನ್ನು ಗುರುತಿಸುವುದು ಒಂದು ಚಂದ. ಕ್ಲೋರಿನ್ನಿನಲ್ಲಿ 35 ಮತ್ತು 37 ರಾಶಿಯ ಎರಡು ಬಗೆಯ ಪರಮಾಣುಗಳು ಹೆಚ್ಚುಕಡಿಮೆ ಮೂರಕ್ಕೆ ಒಂದರಂತೆ ಇರುತ್ತವೆ. ಹಾಗಾಗಿ 36ರಲ್ಲಿ ಒಂದು ಎತ್ತರದ ಗೆರೆ, 38ರಲ್ಲಿ ಅದರ ಮೂರನೆಯ ಒಂದರಷ್ಟು ಗಿಡ್ಡ ಗೆರೆ. ಈ ಜೋಡಿ ಕಂಡರೆ ಅದು ಕ್ಲೋರಿನ್ನಿನ ಸಹಿ ಇದ್ದಂತೆ. ಇದರ ಮೇಲೆ, ಕ್ಲೋರಿನ್ ಇರುವ ಕಸ ಅರೆಬರೆ ಉರಿದಾಗ ಡಯಾಕ್ಸಿನ್ ಎಂಬ ಭಾರಿ ವಿಷವೂ ಅತಿ ಸಣ್ಣ ಪ್ರಮಾಣದಲ್ಲಿ ಹುಟ್ಟಬಲ್ಲದು.

ಎಲ್ಲ ಪ್ಲಾಸ್ಟಿಕ್ಕೂ ಒಂದೇ ಅಲ್ಲ ಎಂಬುದನ್ನೂ ಹೇಳಬೇಕು. ಹಾಲಿನ ಕವರು ಪಾಲಿಎಥಿಲೀನಿನದು, ಅದರಲ್ಲಿ ಕ್ಲೋರಿನ್ ಇಲ್ಲ. ಆದರೂ ಬೀದಿಯ ಬೆಂಕಿಯಲ್ಲಿ ಅದು ಪೂರ್ತಿ ಉರಿಯದೆ ಮಸಿಯನ್ನೂ ಮಾನಾಕ್ಸೈಡನ್ನೂ ಕೊಡುತ್ತದೆ. ರಾಶಿಯೊಳಗೆ ಯಾವ ಪ್ಲಾಸ್ಟಿಕ್ ಎಲ್ಲಿದೆ ಎಂದು ಬೆಂಕಿಕಡ್ಡಿ ಆರಿಸುವುದಿಲ್ಲವಲ್ಲ.

ನಾನು ಇದನ್ನು ದೊಡ್ಡಸ್ತಿಕೆಯಿಂದ ಹೇಳುತ್ತಿಲ್ಲ. ಐದನೇ ತರಗತಿಯಲ್ಲಿದ್ದಾಗ ನಾನೂ ನನ್ನ ಅಣ್ಣನೂ ತುಂಡು ವೈರುಗಳನ್ನು ಬಚ್ಚಲ ಒಲೆಗೆ ಹಾಕಿ ಸುಟ್ಟು, ತಾಮ್ರ ತೆಗೆದು ಗುಜರಿಗೆ ಮಾರಿ ಪೆಪ್ಪರಮೆಂಟು ತಿನ್ನುತ್ತಿದ್ದೆವು. ಅಣ್ಣನಿಗೆ ರಾತ್ರಿಯೆಲ್ಲ ಕೆಮ್ಮು. ಅಮ್ಮ ಬೈದದ್ದು ಪೆಪ್ಪರಮೆಂಟಿಗೆ! ಕೆಮ್ಮಿಗೂ ಒಲೆಗೂ ಸಂಬಂಧವಿರಬಹುದೆಂದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ವೈರು ಹೋಗಿತ್ತು, ತಾಮ್ರ ಉಳಿದಿತ್ತು, ಲೆಕ್ಕ ಮುಗಿದಿತ್ತು. ಗುಜರಿಯವನ ತಕ್ಕಡಿಗೂ ಅಷ್ಟೇ ಬೇಕಿತ್ತು.

ಬೀದಿಯಲ್ಲಿ ಕಸ ಸುಡಬಾರದೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳಿದವು. ಆದರೂ ಪಿ.ಜೆ. ಬಡಾವಣೆಯ ತಿರುವಿನಲ್ಲಿ ಹೊಗೆ ಏಳುತ್ತಿದೆ. ಕಡ್ಡಿ ಗೀರಿದವರನ್ನು ಮಾತ್ರ ಬೈದು ಪ್ರಯೋಜನವಿಲ್ಲ ಎಂದು ನನಗೆ ಅನಿಸುತ್ತದೆ. ಎಲೆಯ ಜೊತೆಗೆ ವೈರನ್ನೂ ಚಪ್ಪಲಿಯನ್ನೂ ಸೇರಿಸಿ ಎಸೆದವರು ನಾವು. ಬೇರೆ ಮಾಡಿ ಕೊಟ್ಟಿದ್ದರೆ ಎಲೆ ಗೊಬ್ಬರವಾಗುತ್ತಿತ್ತು, ವೈರು ಸುಡದೆಯೇ ಗುಜರಿಗೆ ಹೋಗುತ್ತಿತ್ತು.

ಶಿಕ್ಷಕರ ಮೇಲೂ ನನ್ನದೊಂದು ದೂರಿದೆ, ಅದರಲ್ಲಿ ನಾನೂ ಸೇರಿದ್ದೇನೆ. ತೂಕದ ಪಾಠವನ್ನು ಒಂದು ತಿಂಗಳು ಮಾಡುತ್ತೇವೆ. ಸುಣ್ಣದ ತಿಳಿನೀರು, ಲಿಟ್ಮಸ್ ಇವೆಲ್ಲ ಇನ್ನೊಂದು ತಿಂಗಳು. ತಕ್ಕಡಿ ಒಂದು ಬೀರುವಿನಲ್ಲಿ, ಲಿಟ್ಮಸ್ ಇನ್ನೊಂದರಲ್ಲಿ. ಎರಡೂ ಒಂದೇ ಮೇಜಿನ ಮೇಲೆ ಒಟ್ಟಿಗೆ ಕೂತದ್ದನ್ನು ಮಕ್ಕಳು ನೋಡುವುದೇ ಇಲ್ಲ. ಕೂರಿಸುವುದು ಕಷ್ಟವೇನಲ್ಲ. ಮಿರ್ಚಿ ಬಜ್ಜಿಗೆ ಹಾಕುವ ಅಡುಗೆ ಸೋಡಾ 10 ಗ್ರಾಂ ತೂಗಿ ಗಟ್ಟಿ ಪ್ರನಾಳದಲ್ಲಿ ಹಾಕಿ ಕಾಯಿಸಿ. ಬಾಯಿಯ ಬಳಿ ನೀರಿನ ಹನಿ ಕೂರುತ್ತದೆ. ಬರುವ ಅನಿಲವನ್ನು ಕೊಳವೆಯ ಮೂಲಕ ಸುಣ್ಣದ ತಿಳಿನೀರಿಗೆ ಬಿಟ್ಟರೆ ಅದು ಹಾಲಿನಂತಾಗುತ್ತದೆ. ಕಾಯಿಸುವುದನ್ನು ನಿಲ್ಲಿಸುವ ಮೊದಲು ಕೊಳವೆಯನ್ನು ನೀರಿನಿಂದ ತೆಗೆಯಲು ಮರೆಯಬೇಡಿ, ಇಲ್ಲದಿದ್ದರೆ ತಣ್ಣೀರು ಹಿಂದಕ್ಕೆ ನುಗ್ಗಿ ಪ್ರನಾಳ ಒಡೆದೀತು. ಪೂರ್ತಿ ಕಾದ ಮೇಲೆ ಆರಿಸಿ ತೂಗಿದರೆ ಸುಮಾರು 6.3 ಗ್ರಾಂ ಉಳಿದಿರುತ್ತದೆ. ಹೋದ 3.7 ಗ್ರಾಂನಲ್ಲಿ ಸುಮಾರು 1.1 ಗ್ರಾಂ ನೀರು, 2.6 ಗ್ರಾಂ ಇಂಗಾಲದ ಡೈಆಕ್ಸೈಡ್. ಒಂದು ಸಾಕ್ಷಿ ಎಷ್ಟೆಂದು ಹೇಳಿತು, ಇನ್ನೆರಡು ಯಾವುದೆಂದು ಹೇಳಿದವು. ಇದನ್ನು ನಿಮ್ಮ ಶಿಕ್ಷಕರ ಎದುರಿನಲ್ಲಿ ಮಾತ್ರ ಮಾಡಿ. ಪ್ಲಾಸ್ಟಿಕ್ ಸುಟ್ಟು ನೋಡುವ ಪ್ರಯೋಗವನ್ನಂತೂ ಯಾರೂ ಎಲ್ಲಿಯೂ ಮಾಡಕೂಡದು.

ಇನ್ನೊಂದು ಕೆಲಸ ಮನೆಯಲ್ಲಿ ಮಾಡಬಹುದು, ಅದಕ್ಕೆ ಬೆಂಕಿ ಬೇಡ, ಒಂದು ನೋಟುಪುಸ್ತಕ ಸಾಕು. ಒಂದು ವಾರ ನಿಮ್ಮ ಮನೆಯ ನೀರೊಲೆಗೋ, ಓಣಿಯ ಬೆಂಕಿಗೋ ಏನೇನು ಬೀಳುತ್ತದೆ ಎಂದು ದೂರದಿಂದಲೇ ನೋಡಿ ಬರೆದಿಡಿ. ತೆಂಗಿನ ಗರಿ, ಎಷ್ಟು. ಹಳೆಯ ಚೀಲ, ಎಷ್ಟು. ಪಕ್ಕದ ಕಾಲಮ್ಮಿನಲ್ಲಿ, ಅದು ಏನಾಗಿ ಹೋಗಿರಬಹುದು ಎಂದು ನಿಮಗೆ ತೋಚಿದ್ದನ್ನು ಬರೆಯಿರಿ. ನಾನು ನಿಮ್ಮ ಶಾಲೆಗೆ ಬಂದಾಗ ಆ ಪುಸ್ತಕ ತೋರಿಸಿ. ಹರಿಹರದ ಆ ಹುಡುಗಿ ಆಗಲೇ ಎರಡು ಪುಟ ತುಂಬಿಸಿದ್ದಾಳೆ. ಅವಳ ಕೊನೆಯ ಸಾಲಿನಲ್ಲಿ 'ಅಪ್ಪನ ಹಳೆ ರೇನ್‌ಕೋಟು' ಎಂದಿದೆ, ಅದರ ಪಕ್ಕದ ಕಾಲಮ್ಮಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇದೆ.